ಮಕ್ಕಳಿಗೆ ಜ್ವರ, ಕೆಮ್ಮು, ಭೇದಿ: ಮನೆಯಲ್ಲಿ ಎಲ್ಲಿವರೆಗೆ ನೋಡಿಕೊಳ್ಳಬಹುದು, ಯಾವಾಗ ಓಡಬೇಕು?

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಎಲ್ಲರಿಗೂ ನಮಸ್ಕಾರ. ನಾನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್. ಹೋದ ಸೋಮವಾರ ಒಬ್ಬ ತಾಯಿ 11 ತಿಂಗಳ ಮಗುವನ್ನು ಎತ್ತಿಕೊಂಡು ಬಂದರು. ನಾಲ್ಕು ದಿನದಿಂದ ಕೆಮ್ಮು, ಜ್ವರ. ಊರಲ್ಲೇ ಎರಡು ಇಂಜೆಕ್ಷನ್ ಮಾಡಿಸಿದ್ದರು. ಚೀಲದಲ್ಲಿ ಮೂರು ಬಾಟಲಿ ಸಿರಪ್ ಇತ್ತು. ಮೈ ಅಷ್ಟೇನೂ ಸುಡುತ್ತಿರಲಿಲ್ಲ. "ಜ್ವರ ಇಳಿದೈತಿ ಮೇಡಮ್ಮಾರ, ಕೆಮ್ಮಿಗೆ ಅಷ್ಟು ಔಷಧ ಕೊಡ್ರಿ" ಅಂದರು.

ನಾನು ಅಂಗಿ ಎತ್ತಿದೆ. ಉಸಿರು ಎಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುತ್ತಿತ್ತು. ಗಡಿಯಾರ ನೋಡಿ ಒಂದು ನಿಮಿಷ ಎಣಿಸಿದೆ, 64 ಸಲ. ಮೊದಲ ಡೋಸ್ ಆ್ಯಂಟಿಬಯೋಟಿಕ್ ಕೊಟ್ಟು, ಆಕ್ಸಿಜನ್ ಹಚ್ಚಿ, 108ರಲ್ಲಿ ಕಳಿಸಿದೆವು. ಮಗು ಈಗ ಚೆನ್ನಾಗಿದೆ, ನಿನ್ನೆ ಫೋನ್ ಮಾಡಿ ಕೇಳಿದೆ. ಆದರೆ ನಾಲ್ಕು ದಿನದಲ್ಲಿ ಒಬ್ಬರೂ ಆ ಅಂಗಿ ಎತ್ತಿ ನೋಡಿರಲಿಲ್ಲ. ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಔಷಧ ಯಾವುದು ಅಂತ ಕೇಳುವ ಮೊದಲು ಮಗುವನ್ನು ನೋಡಿ. ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಮೇಲೆ, 2ರಿಂದ 12 ತಿಂಗಳವರೆಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಮೇಲೆ ಇದ್ದರೆ ಅದು ಜೋರು ಉಸಿರು. ಬರೀ ನೆಗಡಿ ಅಲ್ಲ, ನ್ಯುಮೋನಿಯಾ ಇರಬಹುದು, ಅವತ್ತೇ ತೋರಿಸಬೇಕು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಹೀಗೆ ಗುಂಡಿ ಬೀಳುವುದೇ ಪಕ್ಕೆ ಸೆಳೆತ, ಅದು ಇದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಇನ್ನು ನಾಲ್ಕು ವಿಷಯ ಕೇಳಿಕೊಳ್ಳಿ. ಕುಡಿಯುತ್ತಿದೆಯಾ, ಮೊಲೆ ಹಿಡಿಯುತ್ತಿದೆಯಾ? ಕೊಟ್ಟಿದ್ದೆಲ್ಲ ವಾಂತಿ ಆಗುತ್ತಿದೆಯಾ? ಫಿಟ್ಸ್ ಬಂತಾ? ಎಬ್ಬಿಸಿದರೂ ಸರಿಯಾಗಿ ಏಳದೆ ಮಂಪರಾಗಿದೆಯಾ? ಇದರಲ್ಲಿ ಒಂದೇ ಒಂದು ಇದ್ದರೂ ರಾತ್ರಿ ಎರಡು ಗಂಟೆ ಆಗಿರಲಿ, 108ಕ್ಕೆ ಫೋನ್ ಮಾಡಿ. ನಿಮ್ಮ ಅನುಭವ, ಪ್ರಶ್ನೆ ಏನೇ ಇದ್ದರೂ ಬರೆಯಿರಿ. ಬಿಡುವಾದಾಗೆಲ್ಲ ಉತ್ತರ ಕೊಡುತ್ತೇನೆ.

ಸಿಂಧನೂರು ಅಮ್ಮ:
ಮೇಡಮ್, ಎಣಿಸೋದು ಹೇಗೆ? ನನ್ನ ಮಗನಿಗೆ ಮೂರು ವರ್ಷ, ಹತ್ತಿರ ಹೋದರೆ ಅಳುತ್ತಾನೆ. ನಿನ್ನೆಯಿಂದ 102 ಜ್ವರ, ಸ್ವಲ್ಪ ಕೆಮ್ಮು. ಸಿರಪ್ ಕೊಟ್ಟರೆ ಇಳಿಯುತ್ತೆ, ಆರು ತಾಸಿಗೆ ಮತ್ತೆ ಬರುತ್ತೆ. ಅತ್ತೆ ಒಂದು ಇಂಜೆಕ್ಷನ್ ಮಾಡಿಸಿಬಿಡು ಅಂತಿದ್ದಾರೆ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಅಳುವಾಗ ಎಣಿಸಬೇಡಿ ಅಮ್ಮಾ, ಲೆಕ್ಕ ಜಾಸ್ತಿ ಬರುತ್ತೆ. ಜ್ವರ ಏರಿದಾಗಲೂ ಹಾಗೇ. ನಿದ್ದೆ ಹತ್ತಿದ ಮೇಲೆ, ಇಲ್ಲಾಂದ್ರೆ ತೊಡೆ ಮೇಲೆ ಸುಮ್ನೆ ಕೂತಾಗ, ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಉಬ್ಬಿ ಇಳಿದರೆ ಒಂದು. ಮೊಬೈಲಿನ ಗಡಿಯಾರ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರಲ್ಲ.

ಔಷಧದ ಪರಿಣಾಮ ಮುಗಿದ ಮೇಲೆ ಜ್ವರ ಮತ್ತೆ ಬರುವುದು ಸಹಜ. ವೈರಲ್ ಜ್ವರ ಮೂರು ದಿನ ಹೀಗೇ ಆಟ ಆಡಿಸುತ್ತೆ. ಇಂಜೆಕ್ಷನ್ ಮಾಡಿಸಿದರೆ ಆ ವೈರಸ್ ಬೇಗ ಹೋಗಲ್ಲ. ಪ್ಯಾರಾಸಿಟಮಾಲ್ ಅನ್ನು ವಯಸ್ಸು ನೋಡಿ ಅಲ್ಲ, ತೂಕ ನೋಡಿ ಕೊಡಬೇಕು: ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ತಾಸು ಬಿಡಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಜ್ವರ ಇಳಿದಾಗ ಮಗು ಆಡುತ್ತಾ, ಏನಾದರೂ ಕುಡಿಯುತ್ತಾ? ಹಾಗಿದ್ದರೆ ಕಾಯಬಹುದು. ಕಂಬಳಿ ಸುತ್ತಬೇಡಿ, ತೆಳ್ಳನೆ ಅಂಗಿ ಸಾಕು.

ಮೂರು ತಿಂಗಳ ಒಳಗಿನ ಕೂಸಿಗೆ ಮಾತ್ರ ಈ ಯಾವ ಮಾತೂ ಬೇಡ. 100.4 ಜ್ವರ ಕಂಡರೆ ನೇರ ಆಸ್ಪತ್ರೆ. ಮೈ ತಣ್ಣಗಾಗಿ ಹಾಲು ಬಿಟ್ಟರೂ ಅಷ್ಟೇ.

ಗಂಗಾವತಿ ಮೆಡಿಕಲ್ ಶಾಪ್:
ಮೇಡಮ್ ಹೇಳಿದ ತೂಕದ ಮಾತಿಗೆ ನಾನು ಒಂದು ಸೇರಿಸುತ್ತೇನೆ, ಯಾಕಂದ್ರೆ ಇದನ್ನು ಅಂಗಡಿಯಲ್ಲಿ ದಿನಾ ಹೇಳುತ್ತೇನೆ. ಪ್ಯಾರಾಸಿಟಮಾಲ್ ಒಂದೇ ಹೆಸರಲ್ಲಿ ಮೂರು ಬಗೆ ಬರುತ್ತೆ. ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ. ಇನ್ನೊಂದರಲ್ಲಿ 5 ಎಂಎಲ್‌ಗೆ 250. ಚಿಕ್ಕ ಬಾಟಲಿಯ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100! ಹೋದ ವರ್ಷ ಒಬ್ಬರು ಸಿರಪ್‌ನ ಮುಚ್ಚಳದಲ್ಲಿ ಡ್ರಾಪ್ಸ್ ತುಂಬಿ 5 ಎಂಎಲ್ ಕುಡಿಸಿದ್ದರು. ಮಗು 10 ಕಿಲೋ. ಅಂದ್ರೆ 150 ಹೋಗಬೇಕಾದಲ್ಲಿ 500 ಹೋಗಿದೆ. ಅದೇ ಹೊತ್ತಿಗೆ ಆಸ್ಪತ್ರೆಗೆ ಕಳಿಸಿದೆ, ದೇವರ ದಯೆ ಏನೂ ಆಗಲಿಲ್ಲ. ಬಾಟಲಿ ಬದಲಾದರೆ ಅಳತೆನೂ ಬದಲಾಗುತ್ತೆ, ಅಡುಗೆಮನೆ ಚಮಚ ಅಂತೂ ಬೇಡವೇ ಬೇಡ.

ಜ್ವರ, ನೋವಿಗೆ ಕೊಡುವ ನಿಮೆಸುಲೈಡ್ 12 ವರ್ಷದ ಒಳಗಿನವರಿಗೆ 2011ರಲ್ಲೇ ನಿಷೇಧ ಆಗಿದೆ. ಈಗಲೂ ಹಳೇ ಚೀಟಿ ಹಿಡಿದು ಕೇಳಿಕೊಂಡು ಬರುತ್ತಾರೆ, ನಾನು ಕೊಡಲ್ಲ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಸೇರಿದ ಸಿರಪ್ ನಾಲ್ಕು ವರ್ಷದ ಒಳಗೆ ಬೇಡ ಅಂತ 2023ರಲ್ಲಿ ಆದೇಶ ಆಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರಲ್ಲ, ಅದಾದ ಮೇಲೆ ಎರಡು ವರ್ಷದ ಒಳಗಿನವರಿಗೆ ಕೆಮ್ಮು ನೆಗಡಿ ಸಿರಪ್ ಕೊಡಲೇಬಾರದು, ಐದರ ಒಳಗೆ ಸಾಮಾನ್ಯವಾಗಿ ಬೇಕಿಲ್ಲ ಅಂತ ಕೇಂದ್ರದಿಂದ ಸೂಚನೆ ಬಂದಿದೆ. ಬಿಸಿನೀರು, ಮೂಗಿಗೆ ಉಪ್ಪುನೀರಿನ ಹನಿ, ಒಂದು ವರ್ಷ ದಾಟಿದ್ದರೆ ಸ್ವಲ್ಪ ಜೇನು. ವ್ಯಾಪಾರ ಹೋದರೆ ಹೋಗಲಿ.

ಲಿಂಗಸುಗೂರು ಅವ್ವ:
ಜ್ವರ ಏರಿ ಫಿಟ್ಸ್ ಬಂದಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಮಗಳಿಗೆ ಒಂದೂವರೆ ವರ್ಷ ಆಗ. ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಸತ್ತೇ ಹೋಯಿತು ಅಂದುಕೊಂಡೆ. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಒಬ್ಬರು ಕೈಗೆ ಬೀಗದ ಕೈ ಕೊಟ್ಟರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ತುರುಕಿದರು. ಹಲ್ಲು ಅಲುಗಾಡಿ ರಕ್ತ ಬಂತು. ಮರುದಿನ ಹೊಟ್ಟೆಗೆ ಬರೆ ಹಾಕಿಸು ಅಂತ ಹಿರಿಯರು ಹಟ ಹಿಡಿದರು. ನನ್ನ ಗಂಡ ಬೇಡ ಅಂತ ಅಡ್ಡ ನಿಂತರು, ಅದೊಂದು ಪುಣ್ಯ. ಆಗ ಏನು ಮಾಡಬೇಕಿತ್ತು ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಹೇಳಿ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಅವ್ವಾ, ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಬರೆ ಹಾಕಿದ ಹೊಟ್ಟೆಗಳನ್ನು ನಾನು ಈಗಲೂ ನೋಡುತ್ತೇನೆ. ಗಾಯ ಕೀವಾಗಿ, ಮೂಲ ಕಾಯಿಲೆಗಿಂತ ಅದೇ ದೊಡ್ಡದಾಗಿರುತ್ತೆ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಜ್ವರದ ಫಿಟ್ಸ್ ಬರುವುದುಂಟು. ಸಾಮಾನ್ಯವಾಗಿ ಐದು ನಿಮಿಷದ ಒಳಗೆ ತಾನೇ ನಿಲ್ಲುತ್ತೆ. ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ನೊರೆ ಹೊರಗೆ ಹರಿದುಹೋಗಲಿ. ಬಾಯಿಗೆ ಏನೂ ಇಡಬೇಡಿ, ನೀರೂ ಬೇಡ. ಒತ್ತಿ ಹಿಡಿಯಬೇಡಿ. ಗಡಿಯಾರ ನೋಡಿ. ಮೊದಲ ಸಲ ಬಂದಿದ್ದರೆ ನಿಂತ ಮೇಲೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೆದುಳು ಜ್ವರ ಅಲ್ಲ ಅಂತ ಖಾತ್ರಿ ಆಗಬೇಕು. ಐದು ನಿಮಿಷ ಆದರೂ ನಿಲ್ಲದಿದ್ದರೆ, ಮತ್ತೆ ಮತ್ತೆ ಬಂದರೆ, ಕತ್ತು ಬಿಗಿದಿದ್ದರೆ ತಡ ಮಾಡಬೇಡಿ. ಈ ಫಿಟ್ಸ್ ಬಂದ ಬಹಳಷ್ಟು ಮಕ್ಕಳು ಮುಂದೆ ಚೆನ್ನಾಗೇ ಬೆಳೆಯುತ್ತಾರೆ.

ಕೊಪ್ಪಳ ಆಶಾ ಕಾರ್ಯಕರ್ತೆ:
ಎಲ್ಲರೂ ಜ್ವರ ಅಂತಿದ್ದೀರಿ, ನಮ್ಮ ಕಡೆ ಬೇಸಿಗೆ ಮುಗಿದು ಮೊದಲ ಮಳೆ ಬಿದ್ದರೆ ವಾಂತಿ-ಭೇದಿಯದೇ ದೊಡ್ಡ ಚಿಂತೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ನಮ್ಮ ಕೊಪ್ಪಳದ ಹಳ್ಳಿಗಳಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತಿದ್ದು ಯಾರೂ ಮರೆತಿಲ್ಲ. ಪೈಪು ಒಡೆದು ಚರಂಡಿ ನೀರು ಸೇರಿದರೆ ಮೊದಲು ಮಲಗುವವರು ಮಕ್ಕಳು.

ಓಆರ್‌ಎಸ್ ಪ್ಯಾಕೆಟ್ ಮನೆಮನೆಗೆ ಕೊಡುತ್ತೇವೆ. ಆದರೆ ಕಲಸುವುದರಲ್ಲೇ ತಪ್ಪು. ಮೊನ್ನೆ ಒಂದು ಮನೆಗೆ ಹೋದೆ. ಲೀಟರಿನ ಪ್ಯಾಕೆಟ್ಟನ್ನು ಸ್ಟೀಲ್ ಲೋಟದಲ್ಲಿ ಅರ್ಧ ಸುರಿದು ಚಮಚದಿಂದ ತಿರುವುತ್ತಿದ್ದರು. ನಾನೇ ರುಚಿ ನೋಡಿದೆ, ಬರೀ ಉಪ್ಪು. ಅಷ್ಟು ಗಟ್ಟಿ ಕುಡಿದರೆ ಮೈಯಲ್ಲಿ ಉಪ್ಪು ಏರಿ ಮಗುವಿಗೆ ಅಪಾಯ. ಅವರ ಮನೇದೇ ಒಂದು ಲೀಟರ್ ನೀರಿನ ಬಾಟಲಿ ತರಿಸಿ, ಕಾಯಿಸಿ ಆರಿಸಿದ ನೀರು ತುಂಬಿ, ಪೂರ್ತಿ ಪ್ಯಾಕೆಟ್ ಒಮ್ಮೆಲೇ ಹಾಕಿ ತೋರಿಸಿದೆ. ರುಚಿ ನಮ್ಮ ಕಣ್ಣೀರಿನಷ್ಟು ಉಪ್ಪಿರಬೇಕು, ಅದಕ್ಕಿಂತ ಜಾಸ್ತಿ ಅಲ್ಲ. 24 ತಾಸು ಆದ ಮೇಲೆ ಉಳಿದಿದ್ದನ್ನು ಚೆಲ್ಲಿ. 200 ಎಂಎಲ್‌ನ ಚಿಕ್ಕ ಪ್ಯಾಕೆಟ್ಟೂ ಬರುತ್ತೆ, ಅದಕ್ಕೆ ಒಂದು ದೊಡ್ಡ ಲೋಟ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿರುತ್ತೆ, ಓದಲು ಬರದಿದ್ದರೆ ನಮ್ಮನ್ನು ಕೇಳಿ.

ಪ್ರತಿ ಸಲ ಭೇದಿ ಆದ ಮೇಲೆ ಎರಡು ವರ್ಷದ ಒಳಗಿನವರಿಗೆ ಕಾಲು ಲೋಟದಿಂದ ಅರ್ಧ ಲೋಟ, ದೊಡ್ಡವರಿಗೆ ಅರ್ಧದಿಂದ ಒಂದು ಲೋಟ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಿ. ಜೊತೆಗೆ ಜಿಂಕ್ ಮಾತ್ರೆ: 2ರಿಂದ 6 ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಮೇಲೆ 20, ಹದಿನಾಲ್ಕು ದಿನ. ಮೂರನೇ ದಿನ ಭೇದಿ ನಿಂತಿತು ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಆ ಉಳಿದ ಮಾತ್ರೆಗಳನ್ನು ಎಣಿಸಿದಾಗಲೆಲ್ಲ ನನಗೆ ಬೇಜಾರು. ಊಟ ನಿಲ್ಲಿಸಬೇಡಿ, ಗಂಜಿ, ಮಜ್ಜಿಗೆ ಅನ್ನ, ಬೇಳೆಯಲ್ಲಿ ನೆನೆಸಿದ ರೊಟ್ಟಿ ಏನಾದರೂ ಸರಿ. ಮೊಲೆಹಾಲು ಅಂತೂ ಬಿಡಿಸಲೇಬೇಡಿ.

ಇನ್ನೊಂದು, ಅಂಗಡಿಯಲ್ಲಿ ಡಬ್ಬಿ ಜ್ಯೂಸಿನ ಥರ ಸಿಗುವ ಸಿಹಿ ನೀರು ಓಆರ್‌ಎಸ್ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಅಂಥವುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಸರ್ಕಾರವೇ ಹೇಳಿದೆ. ಸಕ್ಕರೆ ಜಾಸ್ತಿ ಇದ್ದರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ.

ಮಸ್ಕಿ ಕೂಲಿಕಾರ:
ಎಲ್ಲಾ ಸರಿ. ನಮ್ಮ ಕಷ್ಟನೂ ಕೇಳಿ. ಪಿಎಚ್‌ಸಿ 14 ಕಿಲೋಮೀಟರ್. ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಹೋದಾಗ ಡಾಕ್ಟರ್ ಮೀಟಿಂಗಿಗೆ ಹೋಗಿದ್ದಾರೆ ಅಂತಾರೆ. ಊರಲ್ಲಿರುವ ಆರ್‌ಎಂಪಿ, ಅಂದ್ರೆ ಡಿಗ್ರಿ ಇಲ್ಲದೆ ಔಷಧ ಕೊಡುವವರು, ರಾತ್ರಿ ಹನ್ನೊಂದಕ್ಕೂ ಬಾಗಿಲು ತೆಗೆಯುತ್ತಾರೆ, ಸಲಾಯಿನ್ ಹಚ್ಚುತ್ತಾರೆ, ದುಡ್ಡು ಆಮೇಲೆ ಕೊಡು ಅಂತಾರೆ. ಗುಳೆ ಹೋದರೆ ಬೆಂಗಳೂರಲ್ಲಿ ಶೆಡ್ಡಿನ ಹತ್ತಿರ ಯಾರ ಗುರುತೂ ಇಲ್ಲ. ಸುಮ್ನೆ ನಮ್ಮ ತಪ್ಪು ಅನ್ನಬೇಡಿ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಅಣ್ಣಾ, ನಿಮ್ಮ ಮಾತು ನಿಜ. ತಪ್ಪು ನಿಮ್ಮದು ಅಂತ ನಾನು ಅನ್ನಲ್ಲ. ಮೀಟಿಂಗ್ ದಿನ ಬಾಗಿಲಲ್ಲಿ ನಿಂತು ವಾಪಸ್ ಹೋದವರ ಮುಖ ನನಗೂ ಗೊತ್ತು. ಅದಕ್ಕೇ ಉಸಿರು ಎಣಿಸುವುದನ್ನು ತಾಯಿ ತಂದೆಯ ಕೈಗೆ ಕೊಡಬೇಕು ಅಂತಿದ್ದೇನೆ. ಯಾವ ದಿನ ಕೂಲಿ ಬಿಡಲೇಬೇಕು, ಯಾವ ದಿನ ಬಿಡಬೇಕಿಲ್ಲ ಅಂತ ನಿಮಗೇ ಗೊತ್ತಾಗಲಿ. ಡಾಕ್ಟರ್ ಇಲ್ಲದಿದ್ದರೂ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಸಿಸ್ಟರ್ ಇರುತ್ತಾರೆ, ಉಸಿರು ಎಣಿಸಲು, ಓಆರ್‌ಎಸ್ ಕೊಡಲು ಅವರು ಸಾಕು. 104ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು.

ಸಲಾಯಿನ್ ವಿಷಯ ಒಂದು ಮಾತು. ಬಾಯಲ್ಲಿ ಕುಡಿಯುವ ಮಗುವಿಗೆ ಅದು ಬೇಡ. ಕಣ್ಣು ಒಳಗೆ ಹೋಗಿ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದೆ ಹೋಗುವ ಸ್ಥಿತಿ ಬಂದರೆ ಆಸ್ಪತ್ರೆಯೇ ಬೇಕು, ಅಲ್ಲಿ ತೂಕ ನೋಡಿ ಹಚ್ಚುತ್ತಾರೆ. ಗುಳೆ ಹೋಗುವಾಗ ಲಸಿಕೆಯ ತಾಯಿ ಕಾರ್ಡ್ ಬಟ್ಟೆ ಗಂಟಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರಲ್ಲಿ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಮುಂದಿನ ಚುಚ್ಚುಮದ್ದು ಹಾಕುತ್ತಾರೆ. ಗೊಬ್ಬರ ಅಂತೀವಲ್ಲ, ದಡಾರ, ಅದರ ಲಸಿಕೆ 9 ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಗುಳೆ ಮಕ್ಕಳಿಗೆ ಎರಡನೇದು ತಪ್ಪಿಹೋಗಿರುತ್ತೆ.

ಬಳ್ಳಾರಿ ಅಪ್ಪ:
ನಮ್ಮ ಬೀದಿಯಲ್ಲಿ ಮೂರು ಮಕ್ಕಳಿಗೆ ಡೆಂಗ್ಯೂ. ನನ್ನ ಮಗನಿಗೆ ಒಂಬತ್ತು ವರ್ಷ, ಇವತ್ತು ನಾಲ್ಕನೇ ದಿನ, ಜ್ವರ ಬಿಟ್ಟಿದೆ. ಪ್ಲೇಟ್‌ಲೆಟ್ 92 ಸಾವಿರ. ಎಲ್ಲರೂ ಪಪ್ಪಾಯಿ ಎಲೆ ರಸ ಕುಡಿಸು ಅಂತಾರೆ. ಜ್ವರ ಹೋಯಿತಲ್ಲ, ಶಾಲೆಗೆ ಕಳಿಸಲಾ?

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಬೇಡ ಸರ್, ದಯವಿಟ್ಟು ಕಳಿಸಬೇಡಿ! ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಗಂಡಾಂತರದ ಹೊತ್ತು. 3ರಿಂದ 7ನೇ ದಿನದೊಳಗೆ, ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ರಕ್ತನಾಳದಿಂದ ನೀರು ಸೋರುತ್ತೆ. ಹೊಟ್ಟೆ ನೋವು ಜೋರಾಗುವುದು, ವಾಂತಿ ನಿಲ್ಲದಿರುವುದು, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಸುಸ್ತಾಗಿ ಮಲಗಿಯೇ ಇರುವುದು, ಆರು ತಾಸಾದರೂ ಮೂತ್ರ ಆಗದಿರುವುದು, ಇದರಲ್ಲಿ ಯಾವುದು ಕಂಡರೂ ಅಡ್ಮಿಟ್ ಮಾಡಿಸಿ. ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ನೋಡಬೇಡಿ. ರಕ್ತ ಗಟ್ಟಿಯಾಗುತ್ತಿದೆಯಾ ಅಂತ ಹೆಮಟೋಕ್ರಿಟ್ ಕೂಡ ನೋಡಬೇಕು, ನಾಳೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್, ಮೆಫೆನಾಮಿಕ್ ಆಸಿಡ್ ಸೇರಿದ ಸಿರಪ್ ಬೇಡ, ರಕ್ತಸ್ರಾವದ ಭಯ. ಪಪ್ಪಾಯಿ ಎಲೆಯ ಕಹಿಗೆ ವಾಂತಿ ಮಾಡಿದರೆ ಇದ್ದ ನೀರೂ ಹೋಗುತ್ತೆ. ಎಳನೀರು, ಓಆರ್‌ಎಸ್, ಗಂಜಿ ಕೊಡಿ. ನೀರು ವಾರಕ್ಕೊಮ್ಮೆ ಬರುತ್ತೆ ಅಂತ ಎಲ್ಲರೂ ಡ್ರಮ್ಮು, ಸಿಮೆಂಟ್ ತೊಟ್ಟಿ ತುಂಬಿಡುತ್ತೇವೆ ಅಲ್ವಾ? ಬರೀ ಚೆಲ್ಲಿದರೆ ಸಾಲದು. ಸೊಳ್ಳೆ ಮೊಟ್ಟೆ ಒಳಗಿನ ಗೋಡೆಗೆ ಅಂಟಿರುತ್ತೆ, ವಾರಕ್ಕೊಮ್ಮೆ ನಾರಿನಿಂದ ತಿಕ್ಕಿ ಒಣಗಿಸಿ. ಇದು ಹಗಲು ಕಚ್ಚುವ ಸೊಳ್ಳೆ. ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು.

ದೇವದುರ್ಗ ಹೈಸ್ಕೂಲ್ ಟೀಚರ್:
ಚಿಕ್ಕವರ ಮಾತಾಯಿತು. ದೊಡ್ಡ ಮಕ್ಕಳನ್ನು ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲ್ಲ. ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಪ್ರಾರ್ಥನೆಗೆ ನಿಂತರೆ ಕಣ್ಣು ಕತ್ತಲೆ ಬಂದು ಕೂರುತ್ತಿದ್ದಳು. ಹತ್ತಿ ಬಿಡಿಸಲು ಹೋಗಿ ಸುಸ್ತು ಅಂತ ಮನೆಯವರು. ಒಂದು ದಿನ ಅವಳ ಕಂಪಾಸ್ ಬಾಕ್ಸ್ ತೆಗೆದೆ. ತುಂಬಾ ಬಳಪದ ಚೂರು, ಅರ್ಧರ್ಧ ಕಚ್ಚಿದ್ದು. ದಿನಾ ತಿನ್ನುತ್ತೇನೆ ಟೀಚರ್, ಬಿಡೋಕೆ ಆಗಲ್ಲ ಅಂದಳು. ಮಕ್ಕಳ ಆರೋಗ್ಯ ತಪಾಸಣೆ ತಂಡ ಬಂದಾಗ ನಾನೇ ಮುಂದೆ ನಿಲ್ಲಿಸಿದೆ. ಹಿಮೋಗ್ಲೋಬಿನ್ 7.4.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಟೀಚರ್, ನೀವು ಆ ಡಬ್ಬಿ ತೆಗೆದು ನೋಡಿದ್ದು ದೊಡ್ಡ ಕೆಲಸ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಬಹಳ ಸಲ ಕಬ್ಬಿಣ ಕಡಿಮೆ ಆದ ಗುರುತು. ಬೈದರೆ ಹೋಗಲ್ಲ. ಆ ವಯಸ್ಸಿನ ಹುಡುಗಿಗೆ 12ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಅಂದರೆ ತೀವ್ರ. ದೊಡ್ಡಾಸ್ಪತ್ರೆಗೆ ಕಳಿಸಿದಿರಾ?

ದೇವದುರ್ಗ ಹೈಸ್ಕೂಲ್ ಟೀಚರ್:
ಕಳಿಸಿದೆವು, ಜೊತೆಗೆ ನಾನೇ ಹೋದೆ. ಅಲ್ಲಿ ಒಬ್ಬ ಸಿಸ್ಟರ್ ಅವಳನ್ನು ಪಕ್ಕದ ಕೋಣೆಗೆ ಕರೆದು ಕೇಳಿದಾಗ ಮಾತ್ರ ಗೊತ್ತಾಯಿತು, ತಿಂಗಳ ಮುಟ್ಟು ಹತ್ತು ದಿನ ಇರುತ್ತಂತೆ, ಎರಡು ವರ್ಷದಿಂದ. ತಾಯಿಗೂ ಹೇಳಿರಲಿಲ್ಲ. ಎಲ್ಲರಿಗೂ ಹೀಗೇ ಇರುತ್ತೆ ಅಂದುಕೊಂಡಿದ್ದಳು. ಅದಕ್ಕೂ ಚಿಕಿತ್ಸೆ ಕೊಟ್ಟರು, ಜಂತುಹುಳದ ಮಾತ್ರೆ ಕೊಟ್ಟರು, ಕಬ್ಬಿಣದ ಮಾತ್ರೆ ದಿನಾ ಬರೆದರು. ಮೂರು ತಿಂಗಳಿಗೆ 10.9 ಆಯಿತು. ಬಳಪ ತಾನಾಗೇ ಬಿಟ್ಟಿದ್ದಾಳೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಮಾತ್ರ ಮಕ್ಕಳು ಕಿಟಕಿ ಆಚೆ ಎಸೆಯುತ್ತಾರೆ. ಹೊಟ್ಟೆ ತೊಳಸುತ್ತೆ, ಕಪ್ಪಗೆ ಕಕ್ಕಸು ಆಗುತ್ತೆ ಅಂತ ಭಯ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಬಿಸಿಯೂಟ ಆದ ಮೇಲೆ ಕೊಡಿ, ಖಾಲಿ ಹೊಟ್ಟೆಗೆ ಬೇಡ. ಕಪ್ಪು ಬಣ್ಣ ಕಬ್ಬಿಣದ್ದು, ಅದರಿಂದ ತೊಂದರೆ ಇಲ್ಲ ಅಂತ ಮೊದಲೇ ಹೇಳಿಬಿಡಿ. ಮಾತ್ರೆ ಹಿಂದೆಮುಂದೆ ಚಹಾ ಬೇಡ, ನಿಂಬೆಹುಳಿ ಒಳ್ಳೇದು. ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳ ನಿವಾರಣಾ ದಿನ ರಜೆ ಹಾಕಿದವರನ್ನು ಬರೆದಿಟ್ಟು ಆಮೇಲೆ ಕೊಡಿಸಿ. ಇನ್ನು ಆ ಸಿಸ್ಟರ್ ಮಾಡಿದ್ದನ್ನು ನಾವೆಲ್ಲ ಮಾಡಬೇಕು. ಹನ್ನೆರಡು ದಾಟಿದ ಮಕ್ಕಳ ಜೊತೆ ಐದು ನಿಮಿಷ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಕು.

ಕುಷ್ಟಗಿ ಹಾಸ್ಟೆಲ್ ವಾರ್ಡನ್:
ಮೇಡಮ್, ನಮ್ಮಲ್ಲಿ 60 ಹುಡುಗರು, ಅರ್ಧ ಮಂದಿಗೆ ಕಜ್ಜಿ. ಮುಲಾಮು ಹಚ್ಚಿದರೆ ಹೋಗುತ್ತೆ, ತಿಂಗಳಿಗೆ ಮತ್ತೆ ಬರುತ್ತೆ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ತುರಿಕೆ ಇದ್ದವರಿಗಷ್ಟೇ, ತುರಿಕೆ ಇದ್ದ ಜಾಗಕ್ಕಷ್ಟೇ ಹಚ್ಚಿದ್ದೀರಿ ಅನ್ನಿಸುತ್ತೆ. 60 ಹುಡುಗರಿಗೂ ಒಂದೇ ರಾತ್ರಿ ಹಚ್ಚಿ, ಅಡುಗೆಯವರಿಗೂ, ನಿಮಗೂ. ಪರ್ಮೆಥ್ರಿನ್ 5 ಪರ್ಸೆಂಟ್ ಮುಲಾಮು, ಕತ್ತಿನಿಂದ ಅಂಗಾಲಿನವರೆಗೆ, ಬೆರಳ ಸಂದು, ಕಂಕುಳು, ಹೊಕ್ಕುಳ ಸುತ್ತ, ತೊಡೆಸಂದು ಬಿಡದೆ. ಬೆಳಿಗ್ಗೆ ಸ್ನಾನ. ಅದೇ ದಿನ ಹೊದಿಕೆ ಬಟ್ಟೆ ಬಿಸಿನೀರಿನಲ್ಲಿ ಒಗೆದು ನಮ್ಮ ಬಿಸಿಲಿಗೆ ಹಾಕಿ. ವಾರ ಬಿಟ್ಟು ಇನ್ನೊಮ್ಮೆ. ಹುಳ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಇರಬಹುದು, ಗಾಬರಿ ಬೇಡ. ಕೀವಾಗಿದ್ದವರನ್ನು ಮೊದಲು ಕಳಿಸಿ.

ಹೊಸಪೇಟೆ ಕಡೆಯ ತಾಯಿ:
ನನ್ನ ಮಗ ಪಿಯುಸಿ. ಆರು ತಿಂಗಳಿಂದ ಹೊಟ್ಟೆ ನೋವು, ತಲೆ ನೋವು. ಸ್ಕ್ಯಾನ್ ಎಲ್ಲಾ ಸರಿ ಇದೆ. ನಾಟಕ ಮಾಡ್ತಾನೆ ಅಂತ ಅವರಪ್ಪ. ನನಗೆ ಹಾಗೆ ಅನ್ನಿಸಲ್ಲ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ನಿಮಗೆ ಅನ್ನಿಸಿದ್ದೇ ಸರಿ ಇರಬಹುದು ಅಮ್ಮಾ. ನೋವು ನಿಜವೇ, ಅದರ ಬೇರು ಮನಸ್ಸಿನಲ್ಲಿ ಇರಬಹುದು. ನಿದ್ದೆ ಹೇಗಿದೆ, ಊಟ ಬಿಟ್ಟಿದ್ದಾನಾ, ಗೆಳೆಯರ ಹತ್ತಿರ ಹೋಗುವುದು ನಿಲ್ಲಿಸಿದ್ದಾನಾ ಗಮನಿಸಿ. ತೂಕ ಇಳಿದಿದ್ದರೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ ಮತ್ತೆ ಡಾಕ್ಟರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಹದಿಹರೆಯದವರ ಜೊತೆ ಗುಟ್ಟಾಗಿ ಮಾತಾಡುತ್ತಾರೆ, ನೀವು ಹೊರಗೆ ಕೂರಬೇಕು. ಟೆಲಿ ಮಾನಸ್ 14416ಕ್ಕೆ ಅವನೇ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನುವ ಮಾತು ಒಮ್ಮೆ ಬಂದರೂ ಒಬ್ಬನನ್ನೇ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಸಿಂಧನೂರು ಅಮ್ಮ:
ಮೇಡಮ್, ನಿನ್ನೆ ರಾತ್ರಿ ಎಣಿಸಿದೆ. ಜ್ವರ ಇಳಿದು ಮಲಗಿದ ಮೇಲೆ ಮೊದಲ ಸಲ 46. ತಪ್ಪಿರಬೇಕು ಅಂತ ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿದೆ, 47. ಪಕ್ಕೆ ಸೆಳೆತ ಇರಲಿಲ್ಲ, ನೀರು ಕುಡಿಯುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಪಿಎಚ್‌ಸಿ ಬಾಗಿಲಲ್ಲಿದ್ದೆ. ಅತ್ತೆಯೂ ಬಂದರು. ಡಾಕ್ಟರ್ ಎದೆ ನೋಡಿ ನ್ಯುಮೋನಿಯಾ ಶುರುವಾಗಿದೆ, ಬೇಗ ತಂದಿದ್ದೀರಿ ಅಂದರು. ಅಮಾಕ್ಸಿಸಿಲಿನ್ ಕರಗುವ ಮಾತ್ರೆ ಐದು ದಿನಕ್ಕೆ ಕೊಟ್ಟಿದ್ದಾರೆ, ಇಂಜೆಕ್ಷನ್ ಬೇಡ ಅಂದರು. ಒಂದೇ ಕಷ್ಟ, ನೀರಲ್ಲಿ ಕರಗಿಸಿ ಕೊಟ್ಟರೆ ಉಗುಳುತ್ತಾನೆ.

ಹಳ್ಳಿ ಡಾಕ್ಟರ್, ರಾಯಚೂರು ಜಿಲ್ಲೆ:
ಓದಿ ಕಣ್ಣು ತುಂಬಿ ಬಂತು ಅಮ್ಮಾ. ಎರಡನೇ ಸಲ ಎಣಿಸಿದಿರಲ್ಲ, ಅದು ಬಹಳ ಒಳ್ಳೇ ಕೆಲಸ. ನೀರು ಕಡಿಮೆ ಹಾಕಿ, ಒಂದೆರಡು ಚಮಚದಲ್ಲಿ ಕರಗಿಸಿ, ಸ್ವಲ್ಪ ಸಕ್ಕರೆ ಬೆರೆಸಿ. ಕೆನ್ನೆಯ ಒಳಬದಿಗೆ ನಿಧಾನಕ್ಕೆ ಬಿಡಿ. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಅದೇ ಡೋಸ್ ಮತ್ತೆ ಕೊಡಿ. ನಾಳೆ ಜ್ವರ ಬಿಟ್ಟರೂ ಐದು ದಿನ ಮುಗಿಸಿ. ನಾಡಿದ್ದು ಮತ್ತೆ ತೋರಿಸಿ. ಅಷ್ಟರೊಳಗೆ ಪಕ್ಕೆ ಸೆಳೆದರೆ, ಕುಡಿಯುವುದು ಬಿಟ್ಟರೆ ನಾಡಿದ್ದಿನವರೆಗೆ ಕಾಯಬೇಡಿ. ಇವತ್ತು ರಾತ್ರಿ ಮಲಗಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.

ಸಿಂಧನೂರು ಅಮ್ಮ:
ಬರೆಯುತ್ತೇನೆ ಮೇಡಮ್. ಇವತ್ತು ಅತ್ತೆ ತಾವೇ ಎಣಿಸುತ್ತೇನೆ ಅಂತಿದ್ದಾರೆ.